ದಿನಕ್ಕೆ ಮುಕ್ಕಾಲು ಪುಟ

ಬರೆಯುವವರ ಬಗ್ಗೆ ಬರೆಯಬಲ್ಲವರು ಎಷ್ಟೋ ಮಂದಿ ಇದ್ದಾರೆ. ಹಗಲು ದುಡಿದು, ಸಂಜೆ ತರಗತಿಯಲ್ಲಿ ತೂಕಡಿಸುತ್ತ ಕಲಿತ ನಾಲ್ಕಕ್ಷರವನ್ನು ನಂಬಿ ಈ ಕೆಲಸಕ್ಕೆ ಕೈಹಾಕಿದ್ದು ಅಧಿಕಪ್ರಸಂಗ ಎನಿಸಿದರೆ ಓದುಗರು ಮನ್ನಿಸಬೇಕು. ಇದು ಯಾರ ಕುರಿತ ಬರಹವೋ ಅವರೂ, "ನನ್ನ ಬಗ್ಗೆ ಬರೆಯೋಕೆ ಏನಿದೆ? ಇನ್ನೊಬ್ಬರು ಹೇಳಿದ್ದನ್ನ ಬರೆದವಳು ನಾನು" ಎಂದು ಮೊದಲೇ ಹಿಂದೆ ಸರಿದಿದ್ದರು. ಇಲ್ಲಿ ತಪ್ಪು ಕಂಡರೆ ಅದು ಕೇಳಿಸಿಕೊಂಡ ಕಿವಿಯದು, ಹೇಳಿದ ಬಾಯಿಯದಲ್ಲ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಕೆಳಗೊಂದು ಸಣ್ಣ ಕೋಣೆ. ಒಂದು ಮೇಜು, ಎರಡು ಕುರ್ಚಿ, ಅಂಗಳದ ಕಡೆಗೆ ತೆರೆದುಕೊಳ್ಳುವ ಅರ್ಧ ಕಿಟಕಿ. ಬೀಗ ತೆಗೆದು ಒಳಬಂದ ಹೆಂಗಸು ಮೊದಲು ಮೇಜನ್ನು ಒದ್ದೆ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಒರೆಸುತ್ತಾರೆ. ಗೆರೆಯಿಲ್ಲದ ಬಿಳಿ ಹಾಳೆಗಳನ್ನು ತಟ್ಟಿ ಅಂಚು ಕೂಡಿಸುತ್ತಾರೆ. ರದ್ದಿ ಕಾಗದದ ಮೇಲೆ ನಾಲ್ಕು ಸೊನ್ನೆ ಸುತ್ತಿ ಪೆನ್ನು ಹದಕ್ಕೆ ತರುತ್ತಾರೆ. ಅಷ್ಟರಲ್ಲಿ ಹೊರಗೆ ಕೋಲಿನ ಸದ್ದು. ಇಪ್ಪತ್ತಮೂರರ ಹುಡುಗನೊಬ್ಬ ಬಾಗಿಲ ಚೌಕಟ್ಟು ಮುಟ್ಟಿ ಒಳಬರುತ್ತಾನೆ.

"ಏನಪ್ಪಾ ಸೇತುವೆ, ನಿದ್ದೆ ಆಯ್ತಾ?"

"ಆಯ್ತಕ್ಕ. ಕನಸಲ್ಲೂ ಕಲ್ಲು ಹೊತ್ತೆ."

ಕಚೇರಿಯ ಕಡತದಲ್ಲಿ ಈ ಹೆಂಗಸು 'ಲಿಪಿಕಾರರು'. ಹುಡುಗರ ಬಾಯಲ್ಲಿ 'ಬರೆಯೋ ಅಕ್ಕ'. ಕಣ್ಣು ಕಾಣದವರು, ಕೈ ನಡುಗುವವರು, ಪರೀಕ್ಷೆ ಹೊತ್ತಿಗೆ ಸರಿಯಾಗಿ ಬಿದ್ದು ತೋಳು ಮುರಿದುಕೊಂಡವರು, ಇವರೆಲ್ಲ ಬಾಯಲ್ಲಿ ಹೇಳುವುದನ್ನು ಕಾಗದಕ್ಕಿಳಿಸುವುದು ಅಕ್ಕನ ಕೆಲಸ. ತಮ್ಮ ಬಳಿ ಬರುವವರ ಹೆಸರು ಅವರ ನೆನಪಿನಲ್ಲಿ ನಿಲ್ಲುವುದಿಲ್ಲ; ಪ್ರಬಂಧದ ವಿಷಯವೇ ಹೆಸರಾಗಿಬಿಡುತ್ತದೆ. ಹಿಂದಿನ ವರ್ಷ 'ಬರಗಾಲ' ಅಂತ ಒಬ್ಬಳಿದ್ದಳು, ಅದರ ಹಿಂದೆ 'ಉಪ್ಪು'. ಈ ಹುಡುಗನದು ಇತಿಹಾಸ. ಊರಿನ ಹಳೆಯ ಸೇತುವೆಯನ್ನು ಕಟ್ಟಿದ ಕೂಲಿಯವರ ಮೇಲೆ ಪ್ರಬಂಧ. ಎರಡು ವರ್ಷದ ಹಿಂದೆ ಬಂದ ಕಾಯಿಲೆಯೊಂದು ಅವನ ಎರಡೂ ಕಣ್ಣುಗಳನ್ನು ಕೊಂಡೊಯ್ದಿದೆ. ಕಂಪ್ಯೂಟರಿನಲ್ಲಾದರೆ ಎಲ್ಲರೂ ಎಲ್ಲಿಂದಲೋ ಎತ್ತಿ ಅಂಟಿಸುತ್ತಾರೆಂದು ಅವನ ವಿಭಾಗ ಪ್ರಬಂಧವನ್ನು ಕೈಬರಹದಲ್ಲೇ ಕೇಳುತ್ತದೆ. ಹಾಗಾಗಿ ವಾರಕ್ಕೆ ಮೂರು ಬೆಳಗು, ಮೆಟ್ಟಿಲ ಮೇಲೆ ಗಲಾಟೆ ಶುರುವಾಗುವ ಮುನ್ನ, ಈ ಕೋಣೆ.

ಇಲ್ಲಿ ಒಂದು ಕಟ್ಟುಪಾಡಿದೆ. ಅಕ್ಕನ ಕೈಯಲ್ಲಿ ಪೆನ್ನು ಇರುವಾಗ ಹುಡುಗ ಹೇಳಿದ್ದೆಲ್ಲ ಪ್ರಬಂಧ. ಪೆನ್ನನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟರೆ ಅದು ಟೀ ಹೊತ್ತು, ಅಲ್ಲಿಂದ ಆಡಿದ್ದು ಬರೀ ಮಾತು. ಅದು ಹಾಳೆಗೆ ಸೇರದು. ಇನ್ನು ಲಿಪಿಕಾರರಾದವರು ಒಂದು ಪದ ಸೂಚಿಸಬಾರದು, ತಿದ್ದಬಾರದು, ಹೌದು ಅಲ್ಲ ಎಂದು ತಲೆಯಾಡಿಸಲೂಬಾರದು. ಬರೆಸುವವನಿಗೆ ಕಣ್ಣಿಲ್ಲದಿದ್ದರೂ ತಲೆಯಾಡಿಸಬಾರದು ಎನ್ನುವುದು ಅಕ್ಕ ತಾವೇ ಹಾಕಿಕೊಂಡ ನಿಯಮ.

ಬೆಳಗಿನ ಬರಹ ಮುಗಿದ ಮೇಲೆ ಹುಡುಗ ಕೇಳುತ್ತಾನೆ: "ಎಷ್ಟಾಯ್ತಕ್ಕ?"

ಅಕ್ಕ ಅವನ ತೋರುಬೆರಳನ್ನು ಹಿಡಿದು ಹಾಳೆಯ ಮೇಲಂಚಿಗೆ ಇಟ್ಟು, ಅಂಚಿನುದ್ದಕ್ಕೂ ಕೆಳಗೆ ಜಾರಿಸುತ್ತಾರೆ. ಬರಹ ಎಲ್ಲಿ ನಿಂತಿದೆಯೋ ಅಲ್ಲಿ ಬೆರಳೂ ನಿಲ್ಲುತ್ತದೆ. ಮೊದಮೊದಲು ಮುಕ್ಕಾಲು ಪುಟಕ್ಕೆ ನಿಲ್ಲುತ್ತಿದ್ದದ್ದು ಈಗೀಗ ಒಂದು ಹಾಳೆ ದಾಟಿ ಇನ್ನೊಂದರ ಕಾಲು ಭಾಗಕ್ಕೆ ಇಳಿಯುತ್ತಿದೆ. ಹುಡುಗನ ಮುಖ ಅರಳುತ್ತದೆ. ಅಲ್ಲೇ ನಿಂತು ತಾಯಿಗೆ ಫೋನು ಮಾಡುತ್ತಾನೆ: "ಅಮ್ಮಾ, ಇವತ್ತೂ ಒಂದೂಕಾಲು ಪುಟ!"

ಅಕ್ಕನ ಓದು ಹತ್ತನೆಯ ತರಗತಿ. ಇದೇ ಗ್ರಂಥಾಲಯದಲ್ಲಿ ನೆಲ ಒರೆಸುತ್ತಿದ್ದವರು. 'ಇಲ್ಲಿ ಜಾರುತ್ತದೆ, ಮೆಲ್ಲಗೆ ನಡೆಯಿರಿ' ಎಂದು ಅವರು ರಟ್ಟಿನ ಮೇಲೆ ಬರೆದಿಟ್ಟದ್ದನ್ನು ಕಂಡ ಮೇಷ್ಟ್ರೊಬ್ಬರು, ಈ ಮುತ್ತಿನಂಥ ಅಕ್ಷರ ಯಾರದು ಎಂದು ವಿಚಾರಿಸಿದರು. ವಿಷಯ ಬಲ್ಲವರು ಲಿಪಿಕಾರರಾಗುವಂತಿಲ್ಲ, ತಮಗೆ ಗೊತ್ತಿದ್ದದ್ದನ್ನು ಸೇರಿಸಿಬಿಟ್ಟಾರು ಎಂಬ ಭಯ. "ಓದದೇ ಇದ್ದದ್ದಕ್ಕೇ ಕೆಲಸ ಸಿಕ್ಕಿದ್ದು ಪ್ರಪಂಚದಲ್ಲಿ ನನಗೊಬ್ಬಳಿಗೇ ಇರ್ಬೇಕು" ಎಂದು ಅವರು ನಗುತ್ತಾರೆ. ಮನೆಯಲ್ಲಿ ಅತ್ತೆಗೆ ಇದು ಮುಗಿಯದ ತಮಾಷೆ. "ಓದಿದ್ದು ಹತ್ತು, ಬರೆದಿದ್ದು ಹದಿನಾಲ್ಕು ಎಂ.ಎ. ಒಂದರದ್ದೂ ಸರ್ಟಿಫಿಕೇಟು ಮನೆಗೆ ಬರ್ಲಿಲ್ಲ" ಎನ್ನುತ್ತಾರೆ ಮುದುಕಿ.

ವಿದ್ಯಾರ್ಥಿಗಳು ದಿನಕ್ಕೆ ಎಷ್ಟು ಬರೆಯುತ್ತಾರೆ ಎಂದು ಕೇಳಿದರೆ ಅಕ್ಕ ಹೇಳುತ್ತಾರೆ: "ಬರುವಾಗ ಎಲ್ಲರ ಲೆಕ್ಕಾನೂ ದಿನಕ್ಕೆ ಹತ್ತು ಪುಟಾನೇ. ಮೊದಲ ದಿನ ಕೂತು, ಗಂಟಲು ಸರಿ ಮಾಡ್ಕೊಂಡು, ನೀರು ಕುಡಿದು, ಶುರು ಮಾಡ್ತಾರೆ. ಒಂದು ವಾಕ್ಯ ಆಗುತ್ತೆ. ಅದನ್ನ ಹೊಡೆದುಹಾಕಿ ಅಕ್ಕ ಅಂತಾರೆ. ಹರಟೆಗೆ ಎಷ್ಟು ಬೇಕಾದ್ರೂ ಮಾತು ಬರುತ್ತೆ. ಪೆನ್ನು ಎತ್ತಿದ್ರೆ ಬಾಯಿಗೆ ಬೀಗ. ಒಂದು ಪುಟ ಆದ್ರೆ ಅದು ಒಳ್ಳೆ ದಿನ. ಅಳು ಬರೋ ದಿನಾನೂ ಇರುತ್ತೆ, ಬರೀ ಒಂದು ಪ್ಯಾರಾ."

ಆದುದರಿಂದಲೇ ಒಂದೂಕಾಲು ಪುಟದ ಈ ಹುಡುಗನ ಬಗ್ಗೆ ಅವರಿಗೂ ಒಳಗೊಳಗೇ ಹೆಮ್ಮೆ. ಕಣ್ಣು ಹೋದ ಮೇಲೆ ಓದೇ ಬೇಡ ಎಂದು ಒಂದು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದವನು ಅವನು. ಹತ್ತು ಸಾವಿರ ಪದದ ಪ್ರಬಂಧ. ಅಕ್ಕನ ಅಕ್ಷರದಲ್ಲಿ ಪುಟಕ್ಕೆ ಇನ್ನೂರ ಮೂವತ್ತು ಪದವೆಂದು ಮೊದಲ ವಾರದಲ್ಲೇ ಇಬ್ಬರೂ ಎಣಿಸಿಟ್ಟುಕೊಂಡಿದ್ದಾರೆ. ಒಟ್ಟು ನಲವತ್ತಮೂರು ಪುಟ. ನಲವತ್ತು ಮುಗಿದಿದೆ. ಒಪ್ಪಿಸಲು ಇನ್ನೂ ಹದಿಮೂರು ದಿನ.

ಆ ಬೆಳಗ್ಗೆ, ಹಿಂದಿನ ಸಲ ಬರೆದದ್ದನ್ನು ಅಕ್ಕ ಓದಿ ಹೇಳುತ್ತಿದ್ದಾರೆ. ಓದು ನಿಲ್ಲುತ್ತಲೇ ಹುಡುಗ ಹುಬ್ಬು ಗಂಟಿಕ್ಕುತ್ತಾನೆ.

"ಅಷ್ಟೇನಾ? ಅಕ್ಕ, ನಡುವೆ ಬಿಟ್ಟು ಓದ್ತಿದೀರಾ?"

"ಯಾಕಪ್ಪಾ ಬಿಡ್ಲಿ?"

"ಒಂದೂಕಾಲು ಪುಟ ಇಷ್ಟು ಬೇಗ ಮುಗಿಯಲ್ಲ. ಮೊದಲೆಲ್ಲ ಮುಕ್ಕಾಲು ಪುಟಕ್ಕೇ ಇಷ್ಟು ಹೊತ್ತಾಗ್ತಿತ್ತು."

ಹದಿನಾಲ್ಕು ವರ್ಷದಲ್ಲಿ ಅಂಥ ಮಾತನ್ನು ಅಕ್ಕ ಯಾರಿಂದಲೂ ಕೇಳಿಸಿಕೊಂಡವರಲ್ಲ. ಮತ್ತೊಮ್ಮೆ ಓದುತ್ತಾರೆ, ಪ್ರತಿ ಸಾಲಿಗೂ ಬೆರಳಿಟ್ಟು. ಮತ್ತೆ ಅಷ್ಟಕ್ಕೇ ಮುಗಿಯುತ್ತದೆ. ಹುಡುಗ "ಇರ್ಲಿ ಬಿಡಿ" ಎನ್ನುತ್ತಾನೆ. ಇರಲಿ ಬಿಡಿ ಎಂಬುದು ನಂಬಿದೆ ಎಂದಲ್ಲ, ಅದು ಇಬ್ಬರಿಗೂ ಗೊತ್ತು.

ಮನೆಗೆ ಬಂದ ಅಕ್ಕ ಅತ್ತೆಯ ಮಾತ್ರೆಗಳ ಹೊಸ ಚೀಟಿ ಬರೆದು, ಅಡುಗೆಮನೆಯ ಗೋಡೆಯ ಮೇಲೆ ಹಳೆಯದರ ಪಕ್ಕ ಅಂಟಿಸುತ್ತಾರೆ. ಅತ್ತೆ ಬಂದು ನಿಂತು ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಮುಖ ಮುಟ್ಟಿ ನೋಡಿಕೊಂಡು ನಗುತ್ತಾರೆ.

"ಏನೇ ಇದು, ಕನ್ನಡಕ ಹಾಕ್ಕೊಳ್ದೇನೇ ಓದಿಬಿಟ್ಟೆ! ಹಳೇದು ನೋಡು ಇರುವೆ ಸಾಲು, ಹೊಸದು ಎಮ್ಮೆ ಸಾಲು. ನಿನ್ನ ಅಕ್ಷರಕ್ಕೆ ಯಾವಾಗಿಂದ ಮೈ ಬಂತೇ?"

ಅಕ್ಕ ಒಲೆ ಬಿಟ್ಟು ಬಂದು ಎರಡೂ ಚೀಟಿಗಳನ್ನು ನೋಡುತ್ತಾರೆ. ಕೋಣೆಯ ದೀಪ ಮಂದವಾಗಿದೆ ಎಂದು ಎರಡು ಸಲ ಬಲ್ಬು ಬದಲಿಸಲು ಹೇಳಿದ್ದು, "ಅಕ್ಕ, ಇದು ಹೊಸಾದೇ" ಎಂದು ಜವಾನ ನಕ್ಕಿದ್ದು, ಎಲ್ಲ ಒಟ್ಟಿಗೆ ನೆನಪಾಗುತ್ತದೆ. ಮಂದವಾದದ್ದು ದೀಪವಲ್ಲ. ಮಾರನೆಯ ದಿನ ಕಣ್ಣಿನ ವೈದ್ಯರು ಹೇಳಿದ್ದೂ ಅದನ್ನೇ: ಎರಡೂ ಕಣ್ಣಿಗೆ ಪೊರೆ. ಕಣ್ಣಿಗೆ ಕಾಣಲೆಂದು ಕೈ ತಾನಾಗಿಯೇ ಅಕ್ಷರವನ್ನು ಹಿಗ್ಗಿಸುತ್ತ ಬಂದಿತ್ತು. ಪುಟ ಬೇಗ ತುಂಬುತ್ತಿತ್ತು. ಹುಡುಗನ ಬೆರಳು ಕೆಳಗೆ ಕೆಳಗೆ ಇಳಿಯುತ್ತಿತ್ತು.

ಕೋಣೆಗೆ ಹೋಗಿ ನಲವತ್ತೂ ಪುಟಗಳ ಪದ ಎಣಿಸುತ್ತಾರೆ. ಏಳು ಸಾವಿರದ ನಾನೂರು. ಬಾಕಿ ಇರುವುದು ಮೂರು ಪುಟವಲ್ಲ, ಹನ್ನೊಂದು.

"ಹೇಳದೇ ವಿಧಿ ಇರ್ಲಿಲ್ಲ" ಎನ್ನುತ್ತಾರೆ ಅಕ್ಕ. "ಆದ್ರೆ ಬಾಕಿ ಪುಟ ಎಷ್ಟು ಅಂತ ಹೇಳೋದು ಕಷ್ಟ ಆಗ್ಲಿಲ್ಲ. ಅವನ ಪುಟ ಹೆಚ್ಚೇ ಆಗಿಲ್ಲ ಅಂತ ಹೇಳ್ಬೇಕಿತ್ತಲ್ಲ, ಅದು ಕಷ್ಟ."

ಹುಡುಗ ಬಂದು ಕೂತಾಗ ಅವರು ಪೆನ್ನನ್ನು ಟಕ್ಕೆಂದು ಕೆಳಗಿಡುತ್ತಾರೆ.

"ಏನಕ್ಕ, ಶುರುವಿಗೇ ಟೀನಾ?"

"ನನ್ನ ಕಣ್ಣಿಗೆ ಪೊರೆ ಬಂದಿದೆ ಮರಿ. ಅಕ್ಷರ ದಪ್ಪ ಆಗಿದೆ. ನಿನ್ನ ಪುಟ ಹೆಚ್ಚಾಗಿದ್ದು ಅದಕ್ಕೆ."

ಹುಡುಗ ಕೋಲನ್ನು ತಿರುಗಿಸುತ್ತಾನೆ. "ಹಾಗಾದ್ರೆ ದಿನಕ್ಕೆ ಎಷ್ಟು ನಂದು?"

"ಮುಕ್ಕಾಲು."

"ಮೊದಲ ದಿನ ಇದ್ದಷ್ಟೇ."

"ಅಷ್ಟೇ ಕಣಪ್ಪ."

"ಅಂದ್ರೆ ನಾನು ಇದ್ದಲ್ಲೇ ಇದೀನಿ. ಅಮ್ಮಂಗೆ ಏನೇನೋ ಹೇಳ್ಬಿಟ್ಟೆ." ಆಮೇಲೆ ನಗುತ್ತಾನೆ, ಒಳ್ಳೆಯ ನಗುವಲ್ಲ. "ನನಗೂ ಕಾಣಲ್ಲ, ನಿಮಗೂ ಕಾಣಲ್ಲ. ಸೇತುವೆ ಕಟ್ಟೋಕೆ ಚೆನ್ನಾಗಿದೆ ಜೋಡಿ."

ಆ ಬೆಳಗ್ಗೆ ಒಂದು ಪದವೂ ಹಾಳೆಗಿಳಿಯುವುದಿಲ್ಲ. ಬೇರೆ ಲಿಪಿಕಾರರನ್ನು ಕೇಳೋಣವೇ ಎಂದು ಅಕ್ಕ ಕೇಳಿದಾಗ ಹುಡುಗ ಎದ್ದು ಹೊರಟುಬಿಡುತ್ತಾನೆ. ಅವನು ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದರೆ ಎಂಬ ಚಿಂತೆ ಅಕ್ಕನಿಗೆ.

ಮರುದಿನ ಬೆಳಕು ಹರಿಯುವ ಮುನ್ನ ಕೋಲಿನ ಸದ್ದು. ಹುಡುಗ ಜೇಬಿನಿಂದ ಅಂಗೈ ಉದ್ದದ ಒಂದು ರಟ್ಟು ತೆಗೆದು ಮೇಜಿನ ಮೇಲೆ ಇಡುತ್ತಾನೆ. ನಡುವೆ ಸಣ್ಣ ಸೀಳು. ಬ್ಯಾಂಕಿನಲ್ಲಿ ಸಹಿ ಸಾಲು ತಪ್ಪದಿರಲೆಂದು ಅವನು ಇಟ್ಟುಕೊಂಡಿದ್ದದ್ದು. "ಈ ಕಿಂಡಿ ಒಳಗೇ ಬರೀರಿ. ಆಗ ಅಕ್ಷರ ಓಡಿಹೋಗಲ್ಲ. ಬೇರೆಯವರು ಬೇಡ. ಅವರಿಗೆ ನನ್ನ ಮೌನ ಅರ್ಥ ಆಗೋ ಹೊತ್ತಿಗೆ ವರ್ಷ ಮುಗಿಯುತ್ತೆ."

ಹನ್ನೊಂದು ದಿನ, ಒಂದು ದಿನವೂ ಬಿಡದೆ, ಇಬ್ಬರೂ ಕೂರುತ್ತಾರೆ. ಮಧ್ಯಾಹ್ನವೂ ಕೂತು ನೋಡುತ್ತಾರೆ. ಎಷ್ಟೇ ತಿಣುಕಿದರೂ ಹುಡುಗನ ದಿನದ ಬರಹ ಮುಕ್ಕಾಲು ಪುಟದ ಮೇಲೆ ಒಂದೆರಡು ಸಾಲು. ಸಾಲು ತುಂಬಿಸಲು ಏನಾದರೂ ಹೇಳು ಎಂದು ಗೆಳೆಯರು ಹೇಳಿದರೆ, "ಸೇತುವೇಲಿ ಪೊಳ್ಳು ಕಲ್ಲು ಇಡ್ಬಾರ್ದು" ಎನ್ನುತ್ತಾನೆ. ಕೊನೆಯ ದಿನ ಮಧ್ಯಾಹ್ನಕ್ಕೆ ಇನ್ನೂ ಐನೂರು ಪದ ಕಡಿಮೆ. ಕಡಿಮೆ ಬಿದ್ದ ಪ್ರಬಂಧವನ್ನು ತಿರಸ್ಕರಿಸುವ ಅಧಿಕಾರ ವಿಭಾಗಕ್ಕಿದೆ.

ಹುಡುಗ ಮುಖ ತೊಳೆದು ಬರುತ್ತೇನೆಂದು ಹೋಗುತ್ತಾನೆ. ಕೋಣೆಯಲ್ಲಿ ಅಕ್ಕ, ಅರ್ಧ ಖಾಲಿಯಿರುವ ಹಾಳೆ. ಕಲ್ಲು ಹೊತ್ತವರ ಹೆಂಡತಿಯರ ಸಂಗತಿ ಅವರ ಕಿವಿಯಲ್ಲಿದೆ: ದಡದಲ್ಲಿ ಮಕ್ಕಳನ್ನು ಬಿದಿರು ಬುಟ್ಟಿಯಲ್ಲಿ ಮಲಗಿಸಿ ಸುಣ್ಣ ಕಲಸುತ್ತಿದ್ದದ್ದು, ಪ್ರವಾಹ ಬಂದ ವರ್ಷ ಮೊದಲು ಬುಟ್ಟಿಗಳನ್ನು ಹೊತ್ತು ಓಡಿದ್ದು. ಹುಡುಗ ತಾನೇ, ತನ್ನದೇ ಮಾತಿನಲ್ಲಿ, ಎಂದೋ ಟೀ ಕುಡಿಯುತ್ತ ಹೇಳಿದ್ದು. ಐನೂರು ಪದಕ್ಕೆ ಧಾರಾಳವಾಗಿ ಸಾಕು. ಆದರೆ ಆಗ ಪೆನ್ನು ಮೇಜಿನ ಮೇಲಿತ್ತು.

"ಅವನದೇ ಮಾತಲ್ವಾ ಅಂತ ಮನಸ್ಸು ಹೇಳ್ತು. ಬರೆದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎನ್ನುತ್ತಾರೆ ಅಕ್ಕ. "ಪೆನ್ನು ಕೈಗೆ ತಗೊಂಡೆ. ಮತ್ತೆ ಮೇಜಿನ ಮೇಲೇ ಇಟ್ಟುಬಿಟ್ಟೆ."

ಹುಡುಗ ಮರಳಿ ಬರುತ್ತಾನೆ. ಕುರ್ಚಿಯಲ್ಲಿ ಕೂತು ಕೇಳುತ್ತಾನೆ: "ಅಕ್ಕ, ನಾನು ಏನಾದ್ರೂ ಬಿಟ್ಟಿದೀನಾ?"

"ಅದನ್ನ ನನ್ನ ಕೇಳ್ಬಾರ್ದು ಮರಿ."

"ಹೂಂ ಅಥವಾ ಊಹೂಂ, ಅಷ್ಟೇ."

ಅಕ್ಕ ಮಾತಾಡುವುದಿಲ್ಲ. ತಲೆಯನ್ನೂ ಆಡಿಸುವುದಿಲ್ಲ. ಹುಡುಗ ಇನ್ನೂ ಎರಡು ವಾಕ್ಯ ಬರೆಸಿ, "ಪೂರ್ಣವಿರಾಮ" ಎನ್ನುತ್ತಾನೆ.

ವಿಭಾಗದ ಗುಮಾಸ್ತರು ಹಾಳೆಗಳನ್ನು ಪಡೆದು, ಲಿಪಿಕಾರರ ಹೇಳಿಕೆಗೆ ಸಹಿ ಕೇಳುತ್ತಾರೆ: ಹೇಳಿದ್ದನ್ನು ಹೇಳಿದಂತೆ ಬರೆದಿದ್ದೇನೆ, ಏನನ್ನೂ ಸೇರಿಸಿಲ್ಲ, ಏನನ್ನೂ ಬಿಟ್ಟಿಲ್ಲ. ಅಕ್ಕ ಸಹಿ ಹಾಕಿ, ಅದೇ ಮೇಜಿನ ಮುಂದೆ ನಿಂತು ತಮ್ಮ ಕಣ್ಣಿನ ವಿಷಯವನ್ನೂ ಹೇಳುತ್ತಾರೆ. ಶಸ್ತ್ರಚಿಕಿತ್ಸೆ ಆದ ಮೇಲೆ ನೋಡೋಣ ಎಂದಿದ್ದಾರಂತೆ. "ಕೆಲಸ ಇದ್ರೆ ಇರ್ಲಿ, ಹೋದ್ರೆ ನೆಲ ಒರೆಸೋದು ಮರೆತಿಲ್ಲ. ಹದಿನಾಲ್ಕು ವರ್ಷದಲ್ಲಿ ನಂದು ಅಂತ ಒಂದು ಪದಾನೂ ಆ ಹಾಳೆಗಳಲ್ಲಿ ಇಲ್ಲ. ಅದನ್ನ ಯಾರು ಬೇಕಾದ್ರೂ ಹುಡುಕ್ಲಿ" ಎನ್ನುವಾಗ ಮಾತ್ರ ಅವರ ದನಿ ತುಸು ಏರುತ್ತದೆ.

ಫಲಿತಾಂಶ ಇನ್ನೂ ಬಂದಿಲ್ಲ. ಪ್ರಬಂಧವನ್ನು ಸ್ವೀಕರಿಸಿದ್ದಾರೋ ತಳ್ಳಿದ್ದಾರೋ ಹುಡುಗನಿಗೂ ತಿಳಿದಿಲ್ಲ. ಬುಟ್ಟಿಯ ಮಕ್ಕಳ ಕಥೆ ಅವನಿಗೆ ಆಮೇಲೆ ನೆನಪಾಯಿತೋ ಇಲ್ಲವೋ, ಆಗಿದ್ದರೆ ಅಕ್ಕನ ಮೇಲೆ ಸಿಟ್ಟಾದನೋ ಏನೋ ಅಕ್ಕ ಕೇಳಿಲ್ಲ. ಆ ಮಧ್ಯಾಹ್ನ ಅವರು ಬಾಯಿಬಿಟ್ಟಿದ್ದರೆ ಒಳಿತಾಗುತ್ತಿತ್ತೇ, ಬಿಡದೇ ಇದ್ದದ್ದೇ ಒಳಿತಾಯಿತೇ ಎಂದು ಎಷ್ಟು ಯೋಚಿಸಿದರೂ, ಅಕ್ಕನ ಕುರಿತ ಈ ಬರಹಕ್ಕೆ ಕೈಹಾಕಿದವರಿಗೆ ಗೊತ್ತಾಗಿಲ್ಲ.