ಫ್ರಿಜ್‌ನಲ್ಲಿಟ್ಟ ಬಾಟಲಿ

ಕಣ್ಣಿಗೆ ಕಾಣಿಸದ ಮಾತ್ರಕ್ಕೆ ಅದು ಇಲ್ಲ ಅಂತ ಅರ್ಥವೇ? ಬೆಳಗ್ಗೆಯಿಂದ ಇದೊಂದೇ ಯೋಚನೆ ತಲೆ ಕೊರೆಯುತ್ತಿತ್ತು.

ನಮ್ಮತ್ತೆ ಟೈಲರ್. ಮೂವತ್ತೆರಡು ವರ್ಷಗಳಿಂದ ಶಾಲಾ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಾರೆ. ಹೋದ ತಿಂಗಳು ವೈರಸ್ಸೊಂದು ಅವರ ಮೆದುಳಿಗೇರಿ, ಎರಡು ದಿನ ನಾನು ಯಾರೆಂಬುದೇ ಅವರಿಗೆ ತಿಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಹತ್ತು ದಿನ ಕಳೆದದ್ದೇ ತಡ, "ಉಳಿದ ಡ್ರಿಪ್ಪು ಮನೇಲೇ ಹಾಕಿಸ್ಕೋತೀನಿ, ಅಲ್ಲಿ ನನ್ನ ಮಿಷನ್ನು ತುಕ್ಕು ಹಿಡೀತಿದೆ" ಎಂದು ಹಟ ಹಿಡಿದು ಬಂದುಬಿಟ್ಟರು. ಡಾಕ್ಟರು ಹಾಕಿದ್ದು ಒಂದೇ ಷರತ್ತು: ಇಪ್ಪತ್ತೊಂದು ದಿನ ಮುಗಿಯುವವರೆಗೆ ಒಂದು ಡೋಸೂ ತಪ್ಪಬಾರದು.

ಔಷಧಿ ಬರುವುದು ಪುಟ್ಟ ಪ್ಲಾಸ್ಟಿಕ್ ಬಾಟಲಿಯಲ್ಲಿ. ಒಳಗೊಂದು ಬಲೂನು, ಅದು ತಾನಾಗಿ ಕುಗ್ಗುತ್ತ ತೋಳಿನ ನಳಿಕೆಗೆ ಔಷಧಿ ತಳ್ಳುತ್ತದೆ. ಕರೆಂಟು ಬೇಡ, ಸ್ಟ್ಯಾಂಡು ಬೇಡ. ಅತ್ತೆ ಅದಕ್ಕೆ ಯೂನಿಫಾರಂ ಬಟ್ಟೆಯಲ್ಲೇ ಚೀಲ ಹೊಲಿದು ಸೊಂಟಕ್ಕೆ ಕಟ್ಟಿಕೊಂಡು ಹೊಲಿಗೆಗೆ ಕೂರುತ್ತಾರೆ. ಸುಮ್ಮನೆ ಮಲಗಿ ಅಂದರೆ, "ಸೂಜಿ ಇರೋದು ಕೈಲಿ, ತುಳೀತಿರೋದು ಕಾಲು" ಅನ್ನುತ್ತಾರೆ.

ಬೆಳಗ್ಗೆ, ರಾತ್ರಿ ನರ್ಸಕ್ಕ ಬಂದು ಹಾಕುತ್ತಾರೆ. ಮಧ್ಯಾಹ್ನ ಎರಡು ಗಂಟೆಯದ್ದು ನನ್ನ ಪಾಲು. ಬಾಟಲಿಗಳನ್ನು ಕಪಾಟಿನಲ್ಲೇ ಇಡಿ ಎಂದು ಫಾರ್ಮಸಿಯವರು ಹೇಳಿದ್ದರು. ಆದರೆ ನಿನ್ನೆ ವಿಪರೀತ ಸೆಖೆ. ಮಗಳ ಸಿರಪ್ಪನ್ನು ಫ್ರಿಜ್‌ನಲ್ಲಿಡದೆ ಕೆಡಿಸಿ, ಮಕ್ಕಳ ಡಾಕ್ಟರಿಂದ ಬೈಸಿಕೊಂಡವಳು ನಾನು. ತಣ್ಣಗಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಅತ್ತೆಯ ಮಧ್ಯಾಹ್ನದ ಬಾಟಲಿಯನ್ನೂ ಸಿರಪ್ಪಿನ ಪಕ್ಕ ಇಟ್ಟುಬಿಟ್ಟೆ. ಬೆಳಗ್ಗೆ ತೆಗೆದರೆ ಒಳಗೆಲ್ಲ ಸೂಜಿಮೊನೆಯಂಥ ಬಿಳಿ ಹರಳು.

ಹೊರಗಿಟ್ಟೆ. ನೋಡನೋಡುತ್ತ ಹರಳೆಲ್ಲ ಮಾಯವಾಗಿ ನೀರಿನಷ್ಟು ತಿಳಿಯಾಯಿತು.

ಔಷಧಿ ತುಂಬಿಸಿ ಕಳಿಸುವ ಫಾರ್ಮಸಿಗೆ ಫೋನು ಮಾಡಬಹುದಿತ್ತು. ಆದರೆ ಮೊದಲ ವಾರವೇ ಹದಿನಾಲ್ಕು ಸಲ ಮಾಡಿ, ಅಲ್ಲಿ ನನಗೆ 'ಪ್ರಶ್ನೆಪತ್ರಿಕೆ' ಎಂದು ಹೆಸರು ಬಿದ್ದಿದೆ. ಈಗ ಅವರು ಹೇಳಿಕೊಟ್ಟದ್ದನ್ನೇ ಮೀರಿದ್ದೇನೆಂದು ಯಾವ ಮುಖ ಹೊತ್ತು ಹೇಳುವುದು? ಅದನ್ನು ಎಸೆಯಿರಿ ಅಂದು, ಹೊಸದು ಹೊತ್ತಿಗೆ ಸಿಗದಿದ್ದರೆ? ಮನೆಯಲ್ಲಿ ಬೇರೆ ಬಾಟಲಿ ಉಳಿದಿಲ್ಲ, ರಾತ್ರಿಯದ್ದು ಬರುವುದು ಸಂಜೆಗೆ.

ಹನ್ನೆರಡಕ್ಕೆ ಅತ್ತೆಯೆದುರು ಬಾಯಿಬಿಟ್ಟೆ. "ಈಗ ಏನೂ ಕಾಣ್ತಿಲ್ಲ ಅತ್ತೆ. ಹಾಕಿಬಿಡ್ಲಾ?"

ಅವರು ಮಿಷನ್ ನಿಲ್ಲಿಸಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಪೂರ್ತಿ ಕರಗಿದ್ಯಾ, ಅರ್ಧಾನಾ, ನಿಂಗೊತ್ತಾ?"

"ಇಲ್ಲ."

"ನಂಗೂ ಗೊತ್ತಿಲ್ಲ. ಒಂದ್ಸಲ ಅರವತ್ತು ಸ್ಕರ್ಟಿಗೆ ದಾರದ ಬಿಗಿ ತಪ್ಪಿತ್ತು. ನೋಡೋಕೆ ಚೆನ್ನಾಗೇ ಇತ್ತು. ಅಷ್ಟನ್ನೂ ಬಿಚ್ಚಿ ಮತ್ತೆ ಹೊಲಿದೆ. ಅದು ಬರೀ ಬಟ್ಟೆ ಕಣೇ. ಇದು ನನ್ನ ರಕ್ತಕ್ಕೆ ಇಳಿಯೋದು. ಫಾರ್ಮಸಿಗೆ ಫೋನ್ ಮಾಡು."

"ಅವರು ಬೈದ್ರೆ?"

"ಬೈಸ್ಕೋ. ನಾನು ದಿನಾ ಬೈತೀನಿ, ಸವೆದು ಹೋದ್ಯಾ?"

"ಡೋಸ್ ತಪ್ಪಿದ್ರೆ ಅತ್ತೆ?"

"ಅದಕ್ಕೇ ಈಗ ಮಾಡು ಅಂತಿರೋದು. ಇನ್ನೂ ಎರಡು ಗಂಟೆ ಇದೆ."

ಬಿಚ್ಚಬೇಕಾದ ಬಟ್ಟೆಗೆ ಕಟ್ಟುವ ಹಾಗೆ ಬಾಟಲಿಯ ಕತ್ತಿಗೊಂದು ಕೆಂಪು ದಾರ ಬಿಗಿದು, ನನಗೆ ಸಿಗದಂತೆ ಮಿಷನ್ನಿನ ಆಚೆಗಿಟ್ಟರು. ನಾನು ಮಗಳನ್ನು ಕಂಕುಳಿಗೇರಿಸಿಕೊಂಡು ಫೋನು ತೆಗೆದೆ. ಮೂರನೇ ರಿಂಗಿಗೆ ಫಾರ್ಮಸಿಯವರು ಎತ್ತಿದರು.

"ಸಾರ್, ತಪ್ಪು ನನ್ನದೇ. ಮಧ್ಯಾಹ್ನದ ಬಾಟಲಿ ರಾತ್ರಿಯೆಲ್ಲ ಫ್ರಿಜ್‌ನಲ್ಲಿತ್ತು, ಹರಳು ಕಟ್ಟಿತ್ತು. ಅದನ್ನ ಹಾಕಲ್ಲ. ನೀವು ಹೊಸದು ತುಂಬಿಸ್ತಾ ಇರಿ, ನಾನೇ ಹೊರಟು ಬರ್ತಿದ್ದೀನಿ."