ಗೊಂಬೆ ಹಾಗೆ ಕೂರಿಸುವ ಥೆರಪಿ

ನನ್ನ ಮಗಳಿಗೆ ಆಟಿಸಂ ಇದೆ ಎಂದು ಮೈಸೂರಿನ ಡಾಕ್ಟರು ಹೇಳುವ ಎಷ್ಟೋ ಮೊದಲೇ ಅವಳಿಗೆ ಏನಾಗಿದೆ ಎನ್ನುವುದು ನಮ್ಮೂರು ಅರಕೆರೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಗಂಡ ಹೆಂಡತಿ ನಮ್ಮಿಬ್ಬರನ್ನು ಬಿಟ್ಟು. ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಖುಷಿಯಾದರೆ ಎರಡೂ ಕೈಗಳನ್ನು ಹಕ್ಕಿಯ ರೆಕ್ಕೆಯಂತೆ ಪಟಪಟ ಬಡಿಯುತ್ತಿದ್ದಳು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದಳು. ನಾಲಗೆಗೆ ಬಜೆ ತೇದು ಹಚ್ಚು ಎಂದರು ಒಬ್ಬರು. ಕರಿಘಟ್ಟಕ್ಕೆ ಹರಕೆ ಹೊತ್ತುಕೋ ಎಂದರು ಇನ್ನೊಬ್ಬರು. ಮಗುವನ್ನು ಒಂದು ಗಳಿಗೆಯೂ ಎತ್ತಿಕೊಳ್ಳದ ನನ್ನ ಗಂಡನ ಸೋದರತ್ತೆ ಮಾತ್ರ ನಾನು ಕೊಟ್ಟ ಕಾಫಿ ಕುಡಿಯುತ್ತಲೇ ತೀರ್ಪು ಕೊಟ್ಟರು: "ಬೆಳಗಾದ್ರೆ ಇಸ್ಕೂಲು ಅಂತ ಓಯ್ತೀಯ. ತಾಯಿ ಮಾತಾಡುಸ್ದೆ ಮಗು ಎಂಗವ್ವ ಮಾತಾಡೀತು?"

ನಾನು ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಗಂಡ ಗದ್ದೆ, ಕಬ್ಬು, ಹಸು ನೋಡಿಕೊಳ್ಳುತ್ತಾರೆ. ಊರಿನವರ ಬುದ್ಧಿವಾದ ಕೇಳಿ ಕೇಳಿ ಬೇಸತ್ತಿದ್ದ ನಮಗೆ, ಓದಿದವರ ಹತ್ತಿರ ಹೋದರೆ ಸಾಕು, ದಾರಿ ಸಿಗುತ್ತದೆ ಎನ್ನುವ ನಂಬಿಕೆಯಿತ್ತು. ಓದಿದವರು ಬಜೆ ತೇಯುವುದಿಲ್ಲ, ಅಷ್ಟೇ ವ್ಯತ್ಯಾಸ ಎಂದು ಆಮೇಲೆ ಗೊತ್ತಾಯಿತು.

ಯಾರೋ ಹೇಳಿದರೆಂದು ಪಾಂಡವಪುರದ ಒಂದು ಥೆರಪಿ ಸೆಂಟರಿಗೆ ಹೋದೆವು. ಮೆಟ್ಟಿಲು ಹತ್ತಿದರೆ ಗೋಡೆ ತುಂಬ ನಗುವ ಮಕ್ಕಳ ಚಿತ್ರ, ಅದರ ಕೆಳಗೆ ಟೈ ಕಟ್ಟಿಕೊಂಡ ಮಾಲೀಕ. ಮಗಳ ಕಡೆ ಒಮ್ಮೆ ಕಣ್ಣು ಹಾಯಿಸಿ, "ಆರು ತಿಂಗಳು ಕೊಡಿ ಮೇಡಂ, ನಾರ್ಮಲ್ ಮಾಡಿ ಕೊಡ್ತೀವಿ" ಎಂದ. ಸುಟ್ಟುಹೋದ ಪಂಪ್‌ಸೆಟ್ಟು ರಿಪೇರಿಗೆ ತಂದಿದ್ದೇವೆ ಎಂದುಕೊಂಡನೋ ಏನೋ. ಬಿಹೇವಿಯರ್ ಥೆರಪಿ ಅಂದರೆ ಇಷ್ಟೇ ಎಂದು ವಿವರಿಸಿದ: ಒಂದು ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಕಲಿಸುವುದು, ಮಗು ಮಾಡಿದ ಕೂಡಲೇ ಅದಕ್ಕೆ ಇಷ್ಟವಾದದ್ದನ್ನು ಕೊಡುವುದು. ಲೆಕ್ಕ ಕಲಿಸುವ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ. ಏನನ್ನು ಕಲಿಸುತ್ತಾರೆ, ಯಾರ ಅನುಕೂಲಕ್ಕೆ ಕಲಿಸುತ್ತಾರೆ ಎನ್ನುವುದನ್ನು ಅವನು ಹೇಳಿರಲಿಲ್ಲ.

ತಂದೆತಾಯಿ ಹೊರಗೇ ಕೂರಬೇಕು. ಒಳಗಿದ್ದರೆ ಮಗುವಿಗೆ ಡಿಸ್ಟರ್ಬ್ ಆಗುತ್ತದಂತೆ. ಮುಚ್ಚಿದ ಬಾಗಿಲ ಹಿಂದೆ ಮಗಳು ಅಳುವುದು ಕೇಳಿ ಎದ್ದು ನಿಂತರೆ, "ಅಳ್ತಿದ್ರೆ ಕಲೀತಿದೆ ಅಂತ ಅರ್ಥ ಮೇಡಂ" ಎನ್ನುತ್ತಿದ್ದ. ನನ್ನ ತರಗತಿಯಲ್ಲಿ ಹೀಗೆ ಕಲಿಸಿದ್ದರೆ ಎರಡನೇ ದಿನ ಕೆಲಸದಿಂದ ತೆಗೆಯುತ್ತಿದ್ದರು.

ಮಗಳು ಬದಲಾದದ್ದು ನಿಜ. ಕುರ್ಚಿಯ ಮೇಲೆ ಅಲ್ಲಾಡದೆ ಕೂರಲು ಕಲಿತಳು. ಕೈ ಬಡಿಯುವುದು ನಿಂತಿತು. "ನನ್ನ ನೋಡು" ಎಂದರೆ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿದ್ದಳು. ನೆಂಟರಿಗೆಲ್ಲ ಸಂತೋಷವೋ ಸಂತೋಷ. ಆದರೆ ಮಣಿಕಟ್ಟನ್ನು ತಾನೇ ಕಚ್ಚಿಕೊಳ್ಳತೊಡಗಿದ್ದಳು. ಪಾಂಡವಪುರದ ಬಸ್ಸು ಕಂಡ ತಕ್ಷಣ ರಸ್ತೆಯಲ್ಲೇ ಮಲಗಿಬಿಡುತ್ತಿದ್ದಳು. ಹೇಳಿದರೆ ಮಾಲೀಕ ನಕ್ಕ. "ಹಠ ಮೇಡಂ. ಗಮನ ಕೊಡಬೇಡಿ, ತಾನಾಗೇ ಹೋಗುತ್ತೆ."

ಆ ಸಮಯದಲ್ಲಿ ಕೆ.ಆರ್. ಪೇಟೆ ಕಡೆ ಸಿಂಧಘಟ್ಟದಲ್ಲಿ ಗಂಡನ ಕಡೆಯವರ ಬೀಗರ ಊಟಕ್ಕೆ ಹೋದೆವು. ಶಾಮಿಯಾನದ ಕೆಳಗೆ ಎದೆ ನಡುಗುವಂತೆ ಸೌಂಡ್ ಬಾಕ್ಸು ಹಾಕಿದ್ದರು. ಮಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಎರಡೂ ಕೈ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಳು. ಸೋದರತ್ತೆ ನಾಲ್ಕು ಜನರನ್ನು ಕರೆದು ತೋರಿಸಿದರು: "ನೋಡ್ರವ್ವ, ಎಂಗ್ ಗೊಂಬೆ ಕುಂತಂಗೆ ಕುಂತದೆ! ದುಡ್ಡು ಕೊಟ್ಟಿದ್ಕೂ ಸಾರ್ಥಕ ಆಯ್ತು."

ಊಟಕ್ಕೆ ಎಬ್ಬಿಸಲು ಎತ್ತಿಕೊಂಡೆ. ಲಂಗ ಒದ್ದೆಯಾಗಿತ್ತು, ಕುರ್ಚಿ ಒದ್ದೆಯಾಗಿತ್ತು, ಕಾಲಿಂದ ಇಳಿದು ಚಪ್ಪಲಿಯೂ ನೆನೆದಿತ್ತು. ಎಷ್ಟು ಹೊತ್ತಿನಿಂದ ಹಾಗೇ ಕೂತಿದ್ದಳೋ. ಅಳಲೂ ಇಲ್ಲ. ಕಲಿಸಿಕೊಟ್ಟಂತೆ ನನ್ನ ಮುಖವನ್ನೇ ನೋಡಿದಳು. ಕೂರುವುದನ್ನು ಇಷ್ಟು ಚೆನ್ನಾಗಿ ಕಲಿಸಿದ ಮಹಾನುಭಾವರು, ಏಳಬೇಕು ಎಂದು ಹೇಳುವುದನ್ನು ಕಲಿಸಿರಲಿಲ್ಲ.

ಗಂಡ ಮಗಳನ್ನು ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡರು. "ಇದೇನಮ್ಮಿ ಇವ್ರು ಕಲ್ಸಿರೋದು? ನಮ್ಮನೆ ಕರಾನೂ ಬ್ಯಾಡ ಅಂದ್ರೆ ಅಗ್ಗ ಜಗ್ತದೆ" ಎಂದರು. ಊಟ ಮಾಡದೆ ಹೊರಟೆವು. ಬಾಡೂಟ ಬಿಟ್ಟು ಹೋಗುತ್ತಿದ್ದಾರಲ್ಲ ಎಂಬ ಸಂಕಟ ಎಲ್ಲರ ಮುಖದಲ್ಲೂ ಇತ್ತು. ಮಗುವಿನ ವಿಷಯ ಒಬ್ಬರೂ ಕೇಳಲಿಲ್ಲ.

ಮುಂದಿನ ಸಲ ಸೆಂಟರಿಗೆ ಇಬ್ಬರೂ ಹೋದೆವು. ಮಗಳನ್ನು ಒಳಗೆ ಕರೆದುಕೊಂಡ ಮೇಲೆ, ನಾವೂ ನೋಡಬೇಕು ಎಂದೆ. ರೂಲ್ಸ್ ಇಲ್ಲ ಎಂದ ಮಾಲೀಕ. ಗಂಡನಿಗೆ ರೇಗಿತು. "ಹಸೀಗೆ ಇಂಜೆಕ್ಷನ್ ಕೊಡೋ ಡಾಕ್ಟ್ರೂ ನಮ್ಮನ್ನ ಪಕ್ಕದಾಗೇ ನಿಲ್ಲುಸ್ಕತಾರೆ. ನನ್ ಮಗೀಗೆ ಏನ್ ಮಾಡ್ತೀರಿ ಅಂತ ನಾನ್ ನೋಡ್ಬಾರ್ದಾ?" ಎಂದವರೇ ಬಾಗಿಲು ತಳ್ಳಿದರು.

ಒಳಗೆ ಮಗಳು ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು. ಕಾಲೇಜು ಈಗಷ್ಟೇ ಮುಗಿಸಿದಂತಿದ್ದ ಹುಡುಗಿಯೊಬ್ಬಳು ಅವಳ ಕೈಗಳನ್ನು ಕೆಳಗೆಳೆದು, ಕಣ್ಣ ಮುಂದೆ ಬಿಸ್ಕತ್ತು ಹಿಡಿದು, "ಕೈ ಕೆಳಗೆ. ನನ್ನ ನೋಡು. ಕೈ ಕೆಳಗೆ" ಎನ್ನುತ್ತಿದ್ದಳು.

"ಯಾಕೆ ಕಿವಿ ಮುಚ್ಕೊಂಡಿದ್ದಾಳೆ?" ಎಂದೆ.

"ಕೆಲಸ ತಪ್ಪಿಸ್ಕೊಳ್ಳೋ ಬಿಹೇವಿಯರ್ ಮೇಡಂ."

"ಪಕ್ಕದಲ್ಲಿ ಹಿಟ್ಟಿನ ಗಿರಣಿ ಓಡ್ತಿದೆಯಲ್ಲಮ್ಮಾ."

ಅವಳು ಕಿವಿಗೊಟ್ಟು ಕೇಳಿದಳು. "ಹೌದಲ್ವಾ" ಎಂದಳು, ಇಷ್ಟು ದಿನ ಗಿರಣಿ ಅಲ್ಲಿ ಇರಲೇ ಇಲ್ಲವೇನೋ ಎಂಬಂತೆ. ಎಲ್ಲಿ ತರಬೇತಿ ಆಯಿತು ಎಂದು ಕೇಳಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತದ್ದಂತೆ. ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳನ್ನು ನನ್ನ ಮಗಳ ಮುಂದೆ ಕೂರಿಸಿ ಹೊರಗೆ ಟೈ ಸರಿಮಾಡಿಕೊಳ್ಳುತ್ತಿದ್ದವನ ಮೇಲೆ ಬಂತು.

"ಮಧ್ಯದಲ್ಲಿ ನಿಲ್ಸಿದ್ರೆ ಮಗು ಮೊದಲಿನ ಹಾಗೇ ಆಗುತ್ತೆ, ಆಮೇಲೆ ನಮ್ಮನ್ನ ಕೇಳಬೇಡಿ" ಎಂದು ಅವನು ಹೆದರಿಸಿದ.

"ಅಂಗೇ ಆಗ್ಲಿ ಬುಡಿ ಸಾರ್" ಎಂದರು ನನ್ನ ಗಂಡ, ಮಗಳನ್ನು ಹೆಗಲಿಗೆ ಹಾಕಿಕೊಳ್ಳುತ್ತಾ. "ಮೊದ್ಲು ನಗ್ತಿತ್ತು."

ಕೆಲವು ತಿಂಗಳು ಎಲ್ಲೂ ಹೋಗಲಿಲ್ಲ. ಮಣಿಕಟ್ಟಿನ ಗಾಯ ಒಣಗಿತು. ಆಮೇಲೆ ಶ್ರೀರಂಗಪಟ್ಟಣಕ್ಕೆ ವಾರಕ್ಕೊಮ್ಮೆ ಬರುವ ಒಬ್ಬ ಥೆರಪಿಸ್ಟ್ ಸಿಕ್ಕರು. ಇವರು ಓದಿದ್ದೂ ಅದೇ ಬಿಹೇವಿಯರ್ ಥೆರಪಿ. ಆದರೆ ಚಾಪೆ ಹಾಸಿ ನನ್ನನ್ನೂ ಕೂರಿಸಿಕೊಂಡರು, ಮಗಳಿಗೆ ಏನು ಇಷ್ಟ, ಯಾವುದಕ್ಕೆ ಭಯ ಎಂದು ಕೇಳಿದರು. ಮಾತು ಬರುತ್ತದಾ ಎಂದು ನಾನು ಕೇಳಿದ್ದಕ್ಕೆ "ಗೊತ್ತಿಲ್ಲ" ಎಂದರು. ಅಷ್ಟು ದಿನಗಳಲ್ಲಿ ನನಗೆ ಸಿಕ್ಕ ಮೊದಲ ಪ್ರಾಮಾಣಿಕ ಉತ್ತರ ಅದು. ಮೊದಲು ಕಲಿಸಿದ್ದು ಬಚ್ಚಲಿಗೆ ಹೋಗಬೇಕಾದಾಗ ಬಚ್ಚಲಿನ ಚಿತ್ರ ತೋರಿಸುವುದನ್ನು, ಅಂಗೈ ಮುಂದೆ ಚಾಚಿ "ಬೇಡ" ಎನ್ನುವುದನ್ನು. "ಬೇಡ ಅನ್ನೋಕೆ ಬರದ ಮಗೂಗೆ ಬೇರೆ ಏನು ಕಲಿಸಿದ್ರೂ ಅದು ಬಲವಂತ" ಎಂದರು. ಕೈ ಬಡಿದರೆ ಬಡಿಯಲಿ, ಯಾರಿಗೇನು ನೋವು ಎಂದರು.

ಈಗ ಮಗಳಿಗೆ ಏಳು. ಬೆರಳೆಣಿಕೆಯ ಮಾತುಗಳಿವೆ, ಬೇಕಾದದ್ದು ತೋರಿಸಲು ಚಿತ್ರಗಳಿವೆ, ಕೈ ಬಡಿತ ಪೂರ್ತಿ ವಾಪಸಾಗಿದೆ. ಮೊನ್ನೆ ಕೆನ್ನೆ ಹಿಂಡಲು ಬಂದ ಸೋದರತ್ತೆಗೆ ಅಂಗೈ ತೋರಿಸಿ "ಬ್ಯಾಡ" ಎಂದಳು. "ದೊಡ್ಡೋರ್ಗೆ ಇಂಗಂತದಾ? ಚೆಂದಾಗಿ ಕುಂತಿದ್ ಮಗೀನ ಕೆಡುಸ್ಬುಟ್ರಿ" ಎಂದು ಅವರು ಮುನಿಸಿಕೊಂಡರು. ನಾನು ಕಾಫಿ ಬಗ್ಗಿಸಿಕೊಟ್ಟೆ, ಸಮಾಧಾನ ಮಾತ್ರ ಹೇಳಲಿಲ್ಲ.

ನಮ್ಮ ಕಥೆ ಕೇಳಿದವರು ಒಮ್ಮೊಮ್ಮೆ ಫೋನ್ ಮಾಡುತ್ತಾರೆ. ಹೋದ ವಾರ ನಾಗಮಂಗಲದಿಂದ ಒಬ್ಬ ತಂದೆ ಮಾಡಿದ್ದರು. ಮಗನನ್ನು ನಾರ್ಮಲ್ ಮಾಡುತ್ತೇವೆಂದು ಯಾವುದೋ ಸೆಂಟರಿನವರು ಗ್ಯಾರಂಟಿ ಕೊಡುತ್ತಿದ್ದಾರಂತೆ.

"ನಿಮ್ಮನ್ನ ಒಳಗೆ ಬಿಡ್ತಾರಾ?" ಎಂದೆ.

"ಇಲ್ಲ ಮೇಡಂ. ಆದ್ರೆ ಬಿಲ್ಡಿಂಗು ಚೆನ್ನಾಗದೆ, ಎಸಿ ಹಾಕ್ಸವ್ರೆ."

ಎಸಿ ಇದ್ದರೆ ಇನ್ನೂ ಒಳ್ಳೆಯದು, ನೀವೂ ಒಳಗೇ ಹೋಗಿ ಮಗನ ಪಕ್ಕ ಕೂತುಕೊಳ್ಳಿ, ಬಿಡದಿದ್ದರೆ ಅವನನ್ನು ಎತ್ತಿಕೊಂಡು ಮನೆಗೆ ಬನ್ನಿ ಎಂದೆ. ಆಯ್ತು ಎಂದರು. ಏನು ಮಾಡಿದರೋ ಗೊತ್ತಿಲ್ಲ.