ಕೌಸಲ್ಯನ ಹಳೇ ಮುಖ

ಗುಬ್ಬಿ ಹೈಸ್ಕೂಲಿನಲ್ಲಿ ಕೌಸಲ್ಯ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಸಣ್ಣ ಮುಖ, ಸಣ್ಣ ಬೆರಳು. 1974ರಲ್ಲಿ ಅವಳ ಅಪ್ಪ ಪಟ್ಟಾಭಿರಾಮಯ್ಯ ತುಮಕೂರಿನ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದರು, ಜಾತಕದ ಜೊತೆ ಗಂಡಿನ ಕಡೆಯವರಿಗೆ ಕಳಿಸಲು. ಆ ಮಹಾನುಭಾವರು ಆರು ವರ್ಷ ಅದೊಂದೇ ಫೋಟೋದ ಪ್ರತಿ ಹಾಕಿಸಿ ಕಳಿಸಿದರು. ದಿನಾ ಜೊತೆಗಿರುವ ಮಗಳು ಬದಲಾಗಿದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ.

1980ರಲ್ಲಿ ಹುಡುಗಿ ನೋಡಲು ಬಂದವರು ಕಾಫಿ ತಂದವಳನ್ನೂ ಫೋಟೋವನ್ನೂ ನೋಡಿ ಲೋಟ ಕೆಳಗಿಟ್ಟರಂತೆ. "ತಂಗಿ ಫೋಟೋ ತೋರ್ಸಿ ಅಕ್ಕನ್ನ ಕಟ್ತೀರೇನ್ರೀ?" ಕೌಸಲ್ಯ ಒಬ್ಬಳೇ ಮಗಳು! ಎಂಥಾ ಜನ ನೋಡಿ, ಕಣ್ಣಿದ್ದೂ ಕುರುಡರು.

ಮದುವೆಯಾಗಿ ಹಾಸನ ಸೇರಿದ್ದ ನನಗೆ ಇದೊಂದೂ ಗೊತ್ತಿರಲಿಲ್ಲ. 1987ರಲ್ಲಿ ನಾವು ತುಮಕೂರಿನ ಮರಳೂರಿನಲ್ಲಿ ಮನೆ ಕಟ್ಟಿಸಿದೆವು. ಕುಣಿಗಲ್ಲಿನ ನೆಂಟರನ್ನು ಗೃಹಪ್ರವೇಶಕ್ಕೆ ಕರೆದು ಅಲ್ಲಿನ ಬಸ್ ಸ್ಟ್ಯಾಂಡಿಗೆ ಬಂದೆ. ಬೆಂಚಿನ ಮೇಲೆ ದಪ್ಪ ಮೂಗಿನ, ಗದ್ದ ಮುಂದೆ ಬಂದ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಎಲ್ಲೋ ಗುಬ್ಬಿಯ ಕಳೆ.

"ನೀವು ಕೌಸಲ್ಯನ ದೊಡ್ಡಮ್ಮ ಅಲ್ವಾ?" ಎಂದೆ.

"ನಾನೇ ಕಣೇ," ಎಂದಳು. ದನಿಯೂ ದಪ್ಪಗಾಗಿತ್ತು.

ನಾಲಿಗೆ ಕಚ್ಚಿಕೊಂಡು ಪಕ್ಕದಲ್ಲಿ ಕೂತೆ. ಅವಳಿಗೇನೂ ಕೋಪವಿಲ್ಲ. ಚಪ್ಪಲಿ, ಉಂಗುರ ಒಂದೊಂದಾಗಿ ಹಿಡಿಸದಂತಾಗಿ, ತಲೆ ಸಿಡಿದುಹೋಗುವಂತೆ ನೋಯತೊಡಗಿದಾಗ ಬೆಂಗಳೂರಿನ ಡಾಕ್ಟರಿಗೆ ತೋರಿಸಿದರಂತೆ. ಮಿದುಳಿನ ಬುಡದ ಗ್ರಂಥಿಯಲ್ಲಿ ಕಡಲೆಕಾಳಿನಷ್ಟು ಗೆಡ್ಡೆ. ಬೆಳವಣಿಗೆಯ ಹಾರ್ಮೋನು ಮಿತಿಮೀರಿ ಸುರಿಯುತ್ತಿತ್ತು. ದೊಡ್ಡವರಾದ ಮೇಲೆ ಹೀಗಾದರೆ ಎತ್ತರ ಹೆಚ್ಚುವುದಿಲ್ಲ, ಕೈ, ಕಾಲು, ಮುಖವೇ ದಪ್ಪವಾಗುತ್ತವೆ.

"ಮೂಗೊಳಗಿಂದ ಆಪರೇಷನ್ ಮಾಡಿದ್ರು. ತಲೆನೋವು ಹೋಯ್ತು. ಬೆಳೆದ ಮೂಳೆ ವಾಪಸ್ ಹೋಗಲ್ವಂತೆ ಕಣೇ. ಇದು ಕಾಯಿಲೆ, ನನ್ನ ತಪ್ಪಲ್ಲ ಅಂತ ಗೊತ್ತಾಯ್ತಲ್ಲ, ಅದೇ ಸಮಾಧಾನ."

ಅಪ್ಪ ಅಮ್ಮ ತೀರಿಕೊಂಡಿದ್ದರು. ಅವಳು ಕುಣಿಗಲ್ಲಿನಲ್ಲೇ ಸ್ಕೂಲೊಂದರ ಆಫೀಸಿನಲ್ಲಿ ಕ್ಲರ್ಕು, ಬಾಡಿಗೆ ರೂಮಿನಲ್ಲಿ ಒಬ್ಬಳೇ. ಭಾನುವಾರ ಯಾರ ಜೊತೆಗೂ ಮಾತಿಲ್ಲವಂತೆ. "ಹಳೇ ಮುಖ ನೋಡಿರೋರು ಅಂತ ಈಗ ನೀನೊಬ್ಳೇ ಸಿಕ್ಕಿದ್ದು," ಎಂದು ನನ್ನ ಕೈ ಹಿಡಿದುಕೊಂಡಳು. ನನ್ನ ಕೈ ಅವಳ ಅಂಗೈಯೊಳಗೆ ಮುಚ್ಚಿಹೋಯಿತು.

"ಮನೆ ಕಟ್ಟಿಸಿದೀವಿ, ಮರಳೂರಲ್ಲಿ," ಎಂದು ಬಾಯಿ ತಪ್ಪಿ ಬಂತು.

ಅವಳ ಮುಖ ಅರಳಿತು. "ಹೌದೇನೇ? ಗೃಹಪ್ರವೇಶ ಯಾವತ್ತು?"

ಬ್ಯಾಗಿನಲ್ಲಿ ಇನ್ನೂ ನಾಲ್ಕು ಕಾರ್ಡು, ಒಂದು ಭರಣಿ ಕುಂಕುಮ ಇದ್ದವು. ನಮ್ಮತ್ತೆ, ನಾದಿನಿಯರು, ಊಟದ ಸಾಲಿನಲ್ಲಿ ತಿರುಗಿ ತಿರುಗಿ ನೋಡುವ ಕಣ್ಣುಗಳು ಎದುರಿಗೆ ಬಂದವು.

"ಇನ್ನೂ ದಿನ ಗೊತ್ತಾಗಿಲ್ಲ," ಎಂದೆ.

"ಆಗ್ಲಿ, ಹೇಳ್ಕಳ್ಸು. ರಜಾ ಹಾಕಿ ಬರ್ತೀನಿ," ಎಂದು ಚೀಟಿಯಲ್ಲಿ ಅಡ್ರೆಸ್ ಬರೆದು ಕೊಟ್ಟಳು.

ನಾಲ್ಕೇ ದಿನಕ್ಕೆ ಗೃಹಪ್ರವೇಶವಾಯಿತು. ಇನ್ನೂರು ಎಲೆ ಹಾಕಿದೆವು. ಬಂದವರೆಲ್ಲ ಯಾರನ್ನೂ ಬಿಡದೆ ಕರೆದಿದ್ದೀಯ ಎಂದು ನನ್ನನ್ನು ಹೊಗಳಿದರು. ಥೂ, ನನ್ನ ಜನ್ಮಕ್ಕಿಷ್ಟು.